ಬ್ರೇಕಿನ ಮೇಲಿನ ಕೈ

ಲಿಫ್ಟು ಕೆಳಗೆ ಬಿದ್ದೀತು ಎಂದು ಜನ ಹೆದರುತ್ತಾರೆ. ಹೆದರಲಿ ಬಿಡಿ, ಅವರಿಗೇನು ಗೊತ್ತು ಪಾಪ. ಲಿಫ್ಟು ರಿಪೇರಿ ಮಾಡುವವರ ಹೆದರಿಕೆಯೇ ಬೇರೆ. ಲಿಫ್ಟಿನ ಹಗ್ಗದ ಇನ್ನೊಂದು ತುದಿಗೆ ಕಬ್ಬಿಣದ ಭಾರ ಕಟ್ಟಿರುತ್ತಾರೆ, ಖಾಲಿ ಲಿಫ್ಟಿಗಿಂತ ಅದರ ತೂಕ ಜಾಸ್ತಿ. ಹಾಗಾಗಿ ಬ್ರೇಕ್ ಬಿಟ್ಟರೆ ಖಾಲಿ ಲಿಫ್ಟು ಬೀಳುವುದಿಲ್ಲ, ಏರುತ್ತದೆ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಲಿಫ್ಟಿನ ನೆತ್ತಿಯ ಮೇಲೆ ಕೂತು ಗ್ರೀಸ್ ಹಚ್ಚುವವನೊಬ್ಬ ಇರುತ್ತಾನಲ್ಲ, ಅವನ ಕಥೆ ಮುಗಿದಂತೆಯೇ. ಅವನ ತಲೆಯ ಮೇಲಿರುವುದು ಕಾಂಕ್ರೀಟು.

ಇದು ಹಾಗೆ ನೆತ್ತಿಯ ಮೇಲೆ ಕೂತವನ ಕಥೆ. ಕಂಪನಿಯಲ್ಲಿ ಎಲ್ಲರೂ ಅವನನ್ನು ಅಳಿಯ ಎಂದೇ ಕರೆಯುತ್ತಿದ್ದರು. ಅವನಿಗೆ ಕೆಲಸ ಕಲಿಸಿದ ಹಿರಿಯ ಮೆಕ್ಯಾನಿಕ್, ಒಂದು ದಿನ ಚಹಾ ಕುಡಿಯುತ್ತಾ, "ಈ ಹುಡುಗನಿಗೇ ನನ್ನ ಮಗಳನ್ನ ಕೊಡೋದು, ಬೇರೆ ಯಾರೂ ಆಸೆ ಇಟ್ಕೋಬೇಡಿ" ಎಂದು ಘೋಷಿಸಿಬಿಟ್ಟಿದ್ದ. ಅವತ್ತಿನಿಂದ ಅವನು ಮಾವ, ಇವನು ಅಳಿಯ. "ಅಳಿಯ ಅಲ್ಲ, ಮಗಳ ಗಂಡ" ಎಂದು ವಾಚ್‌ಮನ್‌ಗಳವರೆಗೆ ಎಲ್ಲರೂ ಗೇಲಿ ಮಾಡುವವರೇ. ಅಳಿಯನೂ ನಗುತ್ತಿದ್ದ. "ನಾನು ಮದುವೆ ಆಗೋ ಜಾತಿಯಲ್ಲ ಮಾವ" ಎನ್ನುತ್ತಿದ್ದ. ಮಾವ ಅದನ್ನು ನಾಚಿಕೆ ಎಂದುಕೊಂಡಿದ್ದ. ಮದುವೆಗೆ ಮುಂಚೆ ತಾನೂ ಹಾಗೇ ಅಂದಿದ್ದನಂತೆ, ಆಮೇಲೆ ಮಂಟಪಕ್ಕೆ ಮೊದಲು ಓಡಿದವನೂ ತಾನೇ ಅಂತೆ.

ಅಳಿಯ ಹುಟ್ಟಿದಾಗ ಮನೆಯವರು ಹೆಣ್ಣುಮಗು ಎಂದಿದ್ದರು. ಹೆಣ್ಣಿನ ಹೆಸರಿಟ್ಟರು, ಎರಡು ಜಡೆ ಹಾಕಿದರು. ತಾನು ಹೆಣ್ಣಲ್ಲ ಎಂಬುದು ಅವನಿಗೆ ಬುದ್ಧಿ ಬಂದಾಗಿನಿಂದ ಗೊತ್ತಿತ್ತು. ಉಳಿದವರಿಗೆ ತಿಳಿಸಲು ಹೋದಾಗ ಅಣ್ಣ ಸೈಕಲ್ ಚೈನಿನಲ್ಲಿ ಉತ್ತರ ಕೊಟ್ಟ. ಗದ್ದದ ಮೇಲಿನ ಗಾಯದ ಗುರುತು ಆ ಉತ್ತರದ್ದೇ. ಮನೆ ಬಿಟ್ಟ, ಡಾಕ್ಟರುಗಳನ್ನು ಕಂಡ, ಹೊಸ ಹೆಸರಿನಲ್ಲಿ ಬದುಕು ಕಟ್ಟಿಕೊಂಡ. ಈ ಊರಲ್ಲಿ ಯಾರಿಗೂ ಅವನ ಹಳೆಯದು ಗೊತ್ತಿರಲಿಲ್ಲ. ಗೊತ್ತಾಗಲೂಬಾರದಿತ್ತು. ಯಾಕೆಂದರೆ ಸರ್ಕಾರ ಒಂದು ನಿಯಮ ತಂದಿತ್ತು: ಹುಟ್ಟಿದಾಗ ಬರೆಸಿದ ಲಿಂಗವನ್ನು ಮುಚ್ಚಿಟ್ಟು ಕೆಲಸಕ್ಕೆ ಸೇರಿದವರನ್ನು ಕಿತ್ತುಹಾಕಬಹುದು, ಮೇಲಿಂದ ವಂಚನೆ ಕೇಸನ್ನೂ ಹಾಕಬಹುದು. ವಂಚನೆಯಂತೆ! ಇವನು ಯಾರಿಗೆ ಏನು ಟೋಪಿ ಹಾಕಿದ್ದ, ಕೆಟ್ಟುನಿಂತ ಲಿಫ್ಟನ್ನು ಓಡುವ ಹಾಗೆ ಮಾಡಿದ್ದನ್ನು ಬಿಟ್ಟು?

ಆ ನಿಯಮದಲ್ಲಿ ಕೆಲಸ ಕಳೆದುಕೊಂಡ ಒಬ್ಬ ನರ್ಸಮ್ಮ ದೊಡ್ಡ ಕೋರ್ಟಿಗೆ ಹೋಗಿದ್ದಳು. ಅವಳದ್ದು ಇವನಿಗೆ ತದ್ವಿರುದ್ಧ, ಹುಟ್ಟಿದಾಗ ಗಂಡು ಎನಿಸಿಕೊಂಡವಳು. ಅವಳು ಕೇಳಿದ್ದು ಇಷ್ಟೇ. ಲಿಂಗದ ಕಾರಣಕ್ಕೆ ಯಾರಿಗೂ ಭೇದ ಮಾಡಬಾರದು ಅಂತ ಸಂವಿಧಾನದಲ್ಲಿ ಒಂದು ಸಾಲಿದೆಯಲ್ಲ, ಆ ಸಾಲಿನೊಳಗೆ ನಾನು ಇದ್ದೇನೋ ಇಲ್ಲವೋ, ಹೇಳಿ. ಐದು ಜನ ಜಡ್ಜುಗಳು ತಿಂಗಳುಗಟ್ಟಲೆ ಯೋಚಿಸಿದರು. ತೀರ್ಪು ಸೋಮವಾರ ಎಂದರು. ಹಿಂದಿನ ವಾರವೆಲ್ಲ ಅಳಿಯನದು ಒಂದೇ ಕಥೆ. ಯಾರಾದರೂ ಟಿವಿಯಲ್ಲಿ ಆ ಸುದ್ದಿ ಹಾಕಿದರೆ ಎದ್ದು ಹೋಗುತ್ತಿದ್ದ, ಎದ್ದು ಹೋದರೆ ಅನುಮಾನ ಬಂದೀತೆಂದು ಮತ್ತೆ ಬಂದು ಕೂರುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇವನು ಕುಂಬಳಕಾಯಿ ಕದಿಯದೆಯೇ ಹೆಗಲು ಮುಟ್ಟಿಕೊಳ್ಳುತ್ತಿದ್ದ.

ಆ ಸೋಮವಾರ ಬೆಳಗ್ಗೆ ಕೆಲಸವಿದ್ದದ್ದು ಒಂದು ಹಳೆಯ ಆಫೀಸು ಕಟ್ಟಡದಲ್ಲಿ. ಮಾವ ಮೊದಲೇ ಬಂದು ಲಿಫ್ಟಿನ ಮುಂದೆ ನಿಂತಿದ್ದ. ಗಡ್ಡ ಬೋಳಿಸಿರಲಿಲ್ಲ, ಕಣ್ಣು ಕೆಂಪಗಿದ್ದವು.

"ಏನು ಮಾವ, ಭಾನುವಾರ ಜೋರಾ?" ಎಂದ ಅಳಿಯ.

ಮಾವ ವಾಕಿಟಾಕಿ ಸೆಟ್ಟುಗಳನ್ನು ಹಂಚಿದ, ಒಂದು ಅಳಿಯನಿಗೆ, ಒಂದು ತನಗೆ. ಮೂರನೆಯದು ಕೆಳಗೆ ವಾಚ್‌ಮನ್‌ನ ಮೇಜಿನ ಮೇಲಿತ್ತು. ಆಮೇಲೆ ಎಲ್ಲೋ ನೋಡುತ್ತಾ, "ಇವತ್ತು ನೀನು ಹತ್ತು" ಎಂದ.

ಅಳಿಯನಿಗೆ ಇದು ಹೊಸದು. ಇಬ್ಬರೂ ಕೂಡಿ ಕೆಲಸ ಮಾಡಿದ ಇಷ್ಟು ವರ್ಷಗಳಲ್ಲಿ ನೆತ್ತಿ ಹತ್ತುವವನು ಮಾವನೇ. "ಮದುವೆಗೆ ಮುಂಚೆ ನನ್ನ ಮಗಳನ್ನ ವಿಧವೆ ಮಾಡ್ಬೇಡ, ನೀನು ಮೇಲೆ ಮೆಷಿನ್ ರೂಮಲ್ಲಿರು" ಎಂದು ಇವನನ್ನು ಅಟ್ಟುತ್ತಿದ್ದ. ಯಾಕೆ ಎಂದು ಕೇಳಬೇಕೆಂದುಕೊಂಡ, ಅಷ್ಟರಲ್ಲಿ ಮಾವ ಮೆಟ್ಟಿಲು ಹತ್ತುತ್ತಿದ್ದ. ಸೊಂಟ ನೋವಿದೆಯೇನೋ, ವಯಸ್ಸಾಯಿತಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಅಳಿಯ ಲಿಫ್ಟಿನ ನೆತ್ತಿಗೆ ಹತ್ತಿದ.

ಕರೆಂಟು ತೆಗೆದ ಮೇಲೆ ಎಲ್ಲವೂ ಕೈಯಲ್ಲೇ. ಛಾವಣಿಯ ಮೇಲಿನ ಮೆಷಿನ್ ರೂಮಿನಲ್ಲಿ ಮೋಟರಿನ ಪಕ್ಕ ಬ್ರೇಕಿನ ಸರಳು, ಅದರಾಚೆ ಒಂದು ಕಬ್ಬಿಣದ ಚಕ್ರ. ಒಂದು ಕೈಯಲ್ಲಿ ಸರಳು ಒತ್ತಿ ಬ್ರೇಕ್ ಬಿಡಿಸಿ, ಇನ್ನೊಂದರಲ್ಲಿ ಚಕ್ರ ತಿರುಗಿಸುತ್ತಾ ಲಿಫ್ಟನ್ನು ಅಂಗುಲ ಅಂಗುಲವಾಗಿ ಸರಿಸಬೇಕು. ಮೇಲಿರುವವನಿಗೆ ಕೆಳಗಿರುವವನು ಕಾಣಿಸುವುದಿಲ್ಲ. ಅದಕ್ಕೇ ಒಂದು ನಿಯಮ. ನೆತ್ತಿಯ ಮೇಲಿನವನು ಹೇಳಬೇಕು, ಮೆಷಿನ್ ರೂಮಿನವನು ಅದನ್ನೇ ತಿರುಗಿ ಹೇಳಬೇಕು. ತಿರುಗಿ ಹೇಳುವವರೆಗೆ ಕೈ ಬ್ರೇಕಿಗೆ ಹೋಗಕೂಡದು. ಈ ನಿಯಮವನ್ನು ಕಲಿಸಿದವನು ಮಾವನೇ. ಹಿಂದೆ ಹೀಗೆ ತಿರುಗಿ ಹೇಳದೆ ಒಬ್ಬ ಬ್ರೇಕ್ ಬಿಟ್ಟಾಗ, ಸತ್ತವನ ಟೋಪಿಯನ್ನು ಅವನ ಹೆಂಡತಿಗೆ ಕೊಟ್ಟು ಬಂದವನು ಅವನು. ಆ ಮಾತು ಎತ್ತಿದಾಗಲೆಲ್ಲ ಅವನ ದನಿ ಸಣ್ಣಗಾಗುತ್ತಿತ್ತು.

ಮೊದಲ ಒಂದು ಗಂಟೆ ಸರಿಯಾಗಿಯೇ ನಡೆಯಿತು. "ಎರಡಡಿ ಮೇಲೆ" ಎಂದರೆ ಸೆಟ್ಟಿನಲ್ಲಿ "ಎರಡಡಿ ಮೇಲೆ" ಎಂದು ಮಾವನ ಒಣ ದನಿ. ತಮಾಷೆಯಿಲ್ಲ, ಅಳಿಯಾ ಎಂಬ ಕರೆಯಿಲ್ಲ. ಲಿಫ್ಟು ಮೇಲಿನ ಎರಡು ಮಹಡಿಗಳ ನಡುವೆ ಬಂದು ನಿಂತಿತು. ಎದುರಿಗೆ ಇಟ್ಟಿಗೆ ಗೋಡೆ, ಕೆಳ ಮಹಡಿಯ ಬಾಗಿಲು ಕಾಲಡಿ, ಮೇಲ್ಮಹಡಿಯ ಬಾಗಿಲು ಕೈಗೆ ಎಟುಕದಷ್ಟು ಎತ್ತರದಲ್ಲಿ. ಅಳಿಯ ಹೆಲ್ಮೆಟ್ಟಿನ ದೀಪದಲ್ಲಿ ಬೋಲ್ಟು ಬಿಗಿದು ಮುಗಿಸಿದ.

"ಒಂದಡಿ ಮೇಲೆ" ಎಂದ.

ಸೆಟ್ಟಿನಲ್ಲಿ ಗರಗರ ಸದ್ದು.

"ಮಾವ, ಒಂದಡಿ ಮೇಲೆ."

ಮತ್ತೆ ಬರೀ ಗರಗರ. ಬ್ಯಾಟರಿ ಹೋಯಿತೇ ಎಂದು ಅವನು ತಲೆ ಎತ್ತಿದ. ಆಗ ದನಿ ಬಂತು, ಸೆಟ್ಟಿನಿಂದಲ್ಲ, ಮೇಲಿನ ಕಾಂಕ್ರೀಟಿನಲ್ಲಿ ಹಗ್ಗ ಇಳಿಯಲು ಬಿಟ್ಟ ತೂತುಗಳಿಂದ.

"ಸೆಟ್ ಕೆಳಗಿಡು. ಹೀಗೇ ಮಾತಾಡು."

ಅಳಿಯ ಸೆಟ್ಟನ್ನು ಕೆಳಗಿಡಲಿಲ್ಲ, ಬಾಯಿಯಿಂದ ದೂರ ಹಿಡಿದ.

"ನಿನ್ನೆ ಎಲ್ಲಿಗೆ ಹೋಗಿದ್ದೆ ಗೊತ್ತಾ ನಾನು?"

"ಇಲ್ಲ ಮಾವ."

"ಮಾವ ಅನ್ನಬೇಡ. ನಿಮ್ಮೂರಿಗೆ ಹೋಗಿದ್ದೆ. ಹೆಣ್ಣಿನ ಕಡೆಯವರು ನಾವೇ ಹೋಗಿ ಕೇಳೋದು ಮರ್ಯಾದೆ ಅಂತ, ಇಸ್ತ್ರಿ ಅಂಗಿ ಹಾಕ್ಕೊಂಡು, ಹಣ್ಣು ತಗೊಂಡು ಹೋಗಿದ್ದೆ. ನಿನಗೆ ಹೇಳಿದ್ರೆ ನಾಚ್ಕೊಂಡು ತಪ್ಪಿಸ್ತೀಯ ಅಂತ ಹೇಳಲಿಲ್ಲ."

ಊರಿನ ಹೆಸರನ್ನೂ ಅಣ್ಣನ ಸೈಕಲ್ ಅಂಗಡಿಯನ್ನೂ ಎಂದೋ ಬಾಯಿತಪ್ಪಿ ಹೇಳಿದ್ದು ಅಳಿಯನಿಗೆ ನೆನಪಾಯಿತು. ಹಾಳು ಬಾಯಿ. ಅವನು ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡ, ಅದನ್ನು ಹಿಡಿದು ಏನೂ ಪ್ರಯೋಜನವಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

"ನಿಮ್ಮ ಅಣ್ಣ ಏನಂದ ಗೊತ್ತಾ? 'ತಮ್ಮನಾ? ನನಗ್ಯಾವ ತಮ್ಮ? ಈ ಮನೇಲಿ ಗಂಡು ಅಂತ ಇರೋದು ನಾನೊಬ್ಬನೇ' ಅಂದ. ಗೋಡೆ ಮೇಲಿದ್ದ ಫೋಟೋ ತೋರಿಸಿದ. ಎರಡು ಜಡೆ ಹುಡುಗಿ. ಅದೇ ಮೂಗು, ಅದೇ ಕಣ್ಣು. ಅಂಗಡಿ ಮುಂದೆ ಇದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಹಣ್ಣಿನ ಚೀಲ ಹಿಡ್ಕೊಂಡು ನಾನು ಕೋತಿ ಥರ ನಿಂತಿದ್ದೆ."

"ನಾನು ಬೇಡ ಅಂತ ಎಷ್ಟು ಸಲ ಹೇಳಿದ್ದೆ..."

"ಬೇಡ ಅಂದೆ. ಯಾಕೆ ಬೇಡ ಅಂತ ಒಂದು ಸಲ ಹೇಳಿದ್ಯಾ? ನನ್ನ ಮನೇಲಿ ಉಂಡೆ. ನನ್ನ ಹೆಂಡತಿ ನಿನಗೆ ಅಂತ ಸ್ವೆಟರ್ ಹೆಣೀತಿದ್ದಾಳೆ. ಮಗಳು ಮನಸ್ಸಲ್ಲಿ ಏನೇನು ಇಟ್ಕೊಂಡಿದ್ದಾಳೋ. ಒಂದು ಸಲ, ಒಂದೇ ಒಂದು ಸಲ ಹೇಳಬಾರದಿತ್ತಾ?"

ಹೇಳಬಹುದಿತ್ತಂತೆ! ಹೇಳುವುದು ಎಂದರೆ ಏನೆಂದು ಗದ್ದ ಸವರಿಕೊಂಡರೆ ಅವನಿಗೆ ಗೊತ್ತಾಗುತ್ತಿತ್ತು. ಆದರೆ ಈಗ ವಾದಕ್ಕೆ ನಿಲ್ಲುವ ಜಾಗ ಅದಲ್ಲ. ಮೇಲೆ ಕಾಣದ ಒಬ್ಬ ಮನುಷ್ಯ, ಅವನ ಕೈಯಳತೆಯಲ್ಲಿ ಒಂದು ಸರಳು. ಅವನು ತಳ್ಳಬೇಕಿಲ್ಲ, ಎಳೆಯಬೇಕಿಲ್ಲ, ಸುಮ್ಮನೆ ಒತ್ತಿ ಹಿಡಿದರೆ ಸಾಕು. ಆಮೇಲೆ ಚಕ್ರದಿಂದ ಕೈ ಜಾರಿತು ಎಂದರೆ ಯಾರು ಕೇಳುತ್ತಾರೆ? ಲಿಫ್ಟಿನವರು ಸಾಯುವುದು ಪೇಪರಿನಲ್ಲಿ ಮೂರು ಸಾಲು.

ಸೆಟ್ಟು ಅವನ ಮುಷ್ಟಿಯಲ್ಲೇ ಇತ್ತು. ಗುಂಡಿ ಒತ್ತಿ ಕೂಗಿದರೆ ವಾಚ್‌ಮನ್ ಓಡಿ ಬರುತ್ತಾನೆ. ಬಂದು ಏನಾಯಿತು ಎನ್ನುತ್ತಾನೆ. ಆಗ ಮಾವ ಹೇಳುತ್ತಾನೆ. ಸಂಜೆಯೊಳಗೆ ಕಂಪನಿಗೆಲ್ಲ ಗೊತ್ತು, ಮರುದಿನ ಬೀದಿಗೆ ಗೊತ್ತು, ಬಾಡಿಗೆ ಮನೆಯ ಯಜಮಾನಿಗೆ ಗೊತ್ತು. ಕೂಗದಿದ್ದರೆ ಇಲ್ಲಿ ಸಾವು. ಕೂಗಿದರೆ ಅಲ್ಲಿ ಬೀದಿಪಾಲು. ಬಿಸಿತುಪ್ಪ ಗಂಟಲಲ್ಲಿ ನಿಂತ ಹಾಗಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಗುಂಡಿಯ ಮೇಲಿನ ಹೆಬ್ಬೆರಳು ಬೆವರಿನಲ್ಲಿ ಜಾರುತ್ತಿತ್ತು.

ಅಷ್ಟರಲ್ಲಿ ಸೆಟ್ಟು ತಾನಾಗಿಯೇ ಮಾತಾಡಿತು. ಅಳಿಯ ಹೌಹಾರಿ ಅದನ್ನು ಕೆಳಗೆ ಬೀಳಿಸುವುದರಲ್ಲಿದ್ದ. ವಾಚ್‌ಮನ್‌ನ ದನಿ, ಹಿಂದೆ ಟಿವಿಯ ಗಲಾಟೆ. "ಹಲೋ ಹಲೋ, ಮಾವ ಅಳಿಯ ಇಬ್ಬರೂ ಕೇಳಿ! ನರ್ಸಮ್ಮ ಗೆದ್ದಳು! ಐದಕ್ಕೆ ಐದೂ ಜಡ್ಜುಗಳು ಅವಳ ಕಡೆ! ಸಂವಿಧಾನದ ಆ ಮಾತು ಅವರಿಗೂ ಸೇರುತ್ತಂತೆ. ಕೆಲಸದಿಂದ ತೆಗೆಯೋ ಹಾಗಿಲ್ಲ, ಕೇಸು ಹಾಕೋ ಹಾಗಿಲ್ಲ, ಸರ್ಕಾರದ ನಿಯಮ ಕ್ಯಾನ್ಸಲ್! ಏನು ಕಾಲ ಬಂತಪ್ಪಾ... ಅಲ್ಲ, ಒಳ್ಳೇದೇ ಬಿಡಿ, ಅವರೂ ಹೊಟ್ಟೆಪಾಡು ನೋಡ್ಕೋಬೇಕಲ್ಲ. ಚಹಾ ಹೇಳ್ಲಾ ಇಬ್ಬರಿಗೂ?"

ಈ ಸುದ್ದಿ ಕೇಳಿದ ದಿನ ಕೋಣೆಯ ಬಾಗಿಲು ಹಾಕಿಕೊಂಡು ಕುಣಿಯಬೇಕೆಂದು ಅಳಿಯ ಅಂದುಕೊಂಡಿದ್ದ. ಈಗ ಹಗ್ಗ ಹಿಡಿದುಕೊಂಡೇ ಮೇಲಿನ ತೂತುಗಳನ್ನು ನೋಡುತ್ತಾ ನಿಂತ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಜಡ್ಜುಗಳು ಎಲ್ಲೋ ದೂರದ ದೊಡ್ಡ ಹಾಲಿನಲ್ಲಿದ್ದರು, ಪೂಜಾರಿ ತಲೆಯ ಮೇಲೆಯೇ ಇದ್ದ.

"ಗೆದ್ದರಂತೆ" ಎಂದಿತು ತೂತುಗಳ ದನಿ. "ಎಲ್ಲರೂ ಗೆದ್ದರು. ನಿನ್ನ ಕೆಲಸಾನೂ ಉಳೀತು. ನನಗೆ? ನನಗೆ ಯಾವ ಕೋರ್ಟಿದೆ? ಅಂಗಡಿ ಮುಂದೆ ಹೋದ ಮಾನ ಯಾವ ಜಡ್ಜು ವಾಪಸ್ ಕೊಡ್ತಾನೆ?"

"ಮಾವ, ದಯವಿಟ್ಟು..."

ಟಕ್ ಎಂದಿತು ಮೇಲೆ. ಅಳಿಯನಿಗೆ ಆ ಸದ್ದು ಗೊತ್ತು. ನೂರಾರು ಸಲ ಅವನೇ ಮಾಡಿದ ಸದ್ದು ಅದು. ಎದುರಿನ ಗೋಡೆಯ ಇಟ್ಟಿಗೆಗಳು ಕೆಳಗೆ ಸರಿಯತೊಡಗಿದವು. ಒಂದು ಸಾಲು, ಇನ್ನೊಂದು ಸಾಲು, ಆಮೇಲೆ ಬೇಗ ಬೇಗ. ಮೇಲ್ಮಹಡಿಯ ಬಾಗಿಲ ಹೊಸಿಲು ಎದೆಯ ಮಟ್ಟಕ್ಕೆ ಬಂತು. ಅವನು ತಲೆಯ ಮೇಲೆ ಕೈಗಳನ್ನು ಕಟ್ಟಿಕೊಂಡು, ಹುಟ್ಟುವ ಮುಂಚಿನ ಕೂಸಿನ ಹಾಗೆ ಮುದುಡಿ ಕೂತುಬಿಟ್ಟ.

ಮತ್ತೆ ಟಕ್. ಲಿಫ್ಟು ಜರ್ರನೆ ನಿಂತಿತು. ಹಗ್ಗಗಳು ನಡುಗುತ್ತಾ ಝುಂ ಎಂದವು.

ಎಷ್ಟು ಹೊತ್ತು ಹಾಗೇ ಇದ್ದನೋ. ಮೇಲಿನಿಂದ ಏದುಸಿರು ಕೇಳುತ್ತಿತ್ತು, ಅಳುವೋ ಕೆಮ್ಮೋ ತಿಳಿಯದಂಥದ್ದು. ಮೇಲ್ಮಹಡಿಯ ಹೊಸಿಲಿಗೆ ಇನ್ನು ಎರಡಡಿ ಏರಿದ್ದರೆ ಸುಲಭವಾಗಿ ಹೊರಗೆ ಕಾಲಿಡಬಹುದಿತ್ತು. ಆದರೆ ಮೇಲೆ ಎಂಬ ಮಾತನ್ನು ಹೇಳಲು ಅವನಿಂದ ಸಾಧ್ಯವಿರಲಿಲ್ಲ. ಸತ್ತರೂ ಇಲ್ಲ.

"ಕೆಳಗೆ" ಎಂದ. ದನಿ ತನ್ನದೆಂದು ಅವನಿಗೇ ಅನಿಸಲಿಲ್ಲ. "ಕೆಳಗಿನ ಬಾಗಿಲವರೆಗೂ, ಕೆಳಗೆ."

ಏದುಸಿರು ಕೇಳುತ್ತಲೇ ಇತ್ತು.

"ಕೆಳಗೆ ಮಾವ. ಕೇಳಿಸ್ತಾ? ಕೆಳಗೆ."

"ಕೆಳಗೆ" ಎಂದು ಕೊನೆಗೂ ಬಂತು. "ಕೆಳಗಿನ ಬಾಗಿಲವರೆಗೂ."

ಏರಿಸುವುದಕ್ಕೆ ಬಿಟ್ಟರೆ ಸಾಕು, ಇಳಿಸುವುದಕ್ಕೆ ದುಡಿಯಬೇಕು. ಕಬ್ಬಿಣದ ಭಾರದ ವಿರುದ್ಧ ಚಕ್ರ ತಿರುಗಿಸುತ್ತಾ ಮಾವ ಹೂಂಕರಿಸುವುದು ಪ್ರತಿ ಸುತ್ತಿಗೂ ಕೇಳಿಸುತ್ತಿತ್ತು. ಇಟ್ಟಿಗೆಗಳು ಬಲು ನಿಧಾನವಾಗಿ ಮೇಲಕ್ಕೆ ಸರಿದವು. ಬಾಗಿಲ ಮಟ್ಟ ಬಂದಾಗ ಅಳಿಯ ಒಳಗಿನ ಕೊಂಡಿ ಎಳೆದು ತೆರೆದು, ಅಂಬೆಗಾಲಿನಲ್ಲಿ ಕಾರಿಡಾರಿಗೆ ಬಿದ್ದು, ಗೋಡೆಗೆ ಒರಗಿ ಕೂತ. ಅವನ ಪ್ಯಾಂಟು ಒದ್ದೆಯಾಗಿತ್ತು. ಅದನ್ನು ಮುಚ್ಚಿಕೊಳ್ಳುವಷ್ಟೂ ತ್ರಾಣವಿರಲಿಲ್ಲ.

ಮಾವ ಮೆಟ್ಟಿಲಿಳಿದು ಬಂದ. ಮುಖದಲ್ಲಿ ರಕ್ತವಿರಲಿಲ್ಲ, ತೋಳುಗಳು ಬೇರೆ ಯಾರವೋ ಎಂಬಂತೆ ಜೋತುಬಿದ್ದಿದ್ದವು. ದೂರದಲ್ಲೇ ನಿಂತ. ಹತ್ತಿರ ಬರಲು ಅವನಿಗೂ ಧೈರ್ಯವಿರಲಿಲ್ಲ.

"ಕೈ ಜಾರಿತಾ?" ಎಂದು ಕೇಳಿದ ಅಳಿಯ. ಹೌದು ಎನ್ನಲಿ ಎಂದೇ ಕೇಳಿದ್ದು. ಹೌದು ಎಂದರೆ ಇಬ್ಬರೂ ನಾಳೆಯೂ ಕೆಲಸಕ್ಕೆ ಬರಬಹುದಿತ್ತು.

"ಇಲ್ಲ" ಎಂದ ಮಾವ. "ಜಾರಲಿಲ್ಲ."

ಕಾರಿಡಾರಿನ ಕೊನೆಯಲ್ಲಿ ಯಾರೋ ಫೋನಿನಲ್ಲಿ ನಗುತ್ತಾ ಹೋದರು. ಮಾವ ಗೋಡೆ ಹಿಡಿದು ನೆಲಕ್ಕೆ ಕೂತ.

"ನಿಲ್ಲಿಸಿದವನೂ ನಾನೇ. ಅದನ್ನ ಹೇಳ್ಕೊಳ್ಳೋಕೆ ಬಾಯಿ ಬರಲ್ಲ, ಆದ್ರೂ ನಾನೇ. ಆ ಸತ್ತವನ ಟೋಪಿ ಕಣ್ಣಿಗೆ ಬಂತು." ಅವನು ತನ್ನ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. "ಇನ್ನೊಂದು ಮಾತಿದೆ, ಬೆಳಗ್ಗೆಯಿಂದ ಬೇಕಂತಲೇ ಹೇಳಿರಲಿಲ್ಲ. ವಾಪಸ್ ಬರುವಾಗ ನಿಮ್ಮಮ್ಮ ಹಿತ್ತಲ ಕಡೆಯಿಂದ ಓಡಿ ಬಂದ್ರು. ನಿಮ್ಮಣ್ಣನಿಗೆ ಗೊತ್ತಾಗದ ಹಾಗೆ. 'ಚೆನ್ನಾಗಿದ್ದಾನಾ ಅವನು? ಹೊತ್ತಿಗೆ ಸರಿಯಾಗಿ ಉಣ್ತಾನಾ?' ಅಂತ ಕೇಳಿದ್ರು. ಚೆನ್ನಾಗಿದ್ದಾನೆ ಅಂದೆ. ಅಷ್ಟು ಸಿಟ್ಟಲ್ಲೂ ಹಾಗೇ ಅಂದೆ."

ಅಳಿಯನಿಗೆ ಅಳು ಬಂತು. ಲಿಫ್ಟಿನ ನೆತ್ತಿಯ ಮೇಲೆ ಬಾರದ ಅಳು ಇಲ್ಲಿ, ಒದ್ದೆ ಪ್ಯಾಂಟಿನಲ್ಲಿ ಕೂತು, ತಡೆಯಿಲ್ಲದೆ ಬಂತು. ಮಾವ ಅದನ್ನು ನೋಡುತ್ತಾ ಕೂತ. ಸಮಾಧಾನ ಮಾಡಲು ಕೈ ಚಾಚಿದವನು ಆ ಕೈಯನ್ನೇ ನೋಡಿ ಹಿಂದಕ್ಕೆ ತೆಗೆದುಕೊಂಡ.

ಆಮೇಲೆ ಎದ್ದ. ಅಳಿಯನ ಹೆಲ್ಮೆಟ್ಟು ಎತ್ತಿ ತನ್ನ ತಲೆಗೆ ಹಾಕಿಕೊಂಡ.

"ಮೇಲಿನ ಬ್ರಾಕೆಟ್ಟಿನ ಬೋಲ್ಟು ಬಿಗಿಯೋದು ಉಳಿದಿದೆ. ನಾನು ಹತ್ತುತ್ತೀನಿ. ನೀನು ಮೆಷಿನ್ ರೂಮಿಗೆ ಹೋಗು."

"ಬೇಡ ಮಾವ. ಇವತ್ತು ಮನೆಗೆ ಹೋಗೋಣ."

"ಹೋಗು ಅಂದೆನಲ್ಲ." ಮಾವ ಆಗಲೇ ಲಿಫ್ಟಿನ ನೆತ್ತಿಗೆ ಕಾಲಿಟ್ಟಿದ್ದ. "ಹೋಗು ಅಂದ್ರೆ ಹೋಗು."

ಬಾಗಿಲು ಮುಚ್ಚಿಕೊಂಡಿತು. ಅಳಿಯ ಮೆಟ್ಟಿಲು ಹತ್ತಿದ. ಮೆಷಿನ್ ರೂಮು ಬಿಸಿಯಾಗಿತ್ತು, ಗ್ರೀಸಿನ ವಾಸನೆ, ಮಾವನ ಬೆವರಿನ ವಾಸನೆ. ನೆಲದ ತೂತುಗಳಲ್ಲಿ ಹೆಲ್ಮೆಟ್ಟಿನ ಬೆಳಕು ಆಚೀಚೆ ಅಲ್ಲಾಡುವುದು ಕಾಣುತ್ತಿತ್ತು. ಅವನು ಸರಳಿನ ಮುಂದೆ ನಿಂತ. ಕೈ ತಾನಾಗಿಯೇ ಹೋಗಿ ಅದನ್ನು ಹಿಡಿದುಕೊಂಡಿತು.

"ಒಂದಡಿ ಮೇಲೆ" ಎಂದ ಮಾವ.

ಅಳಿಯ ಸರಳನ್ನು ಇನ್ನೂ ಬಿಗಿಯಾಗಿ ಹಿಡಿದ. ಅಲ್ಲಿಯವರೆಗೆ ಭಯದ ಕೆಳಗೆ ಎಲ್ಲಿ ಅಡಗಿತ್ತೋ, ಆ ಸಿಟ್ಟು ಈಗ ಒಮ್ಮೆಗೇ ಬಂತು. ಅಣ್ಣನ ಚೈನು, ಅಂಗಡಿ ಮುಂದಿನ ನಗು, ಸರಿಯುವ ಇಟ್ಟಿಗೆಗಳು, ಮುದುಡಿ ಕೂತ ತಾನು, ಎಲ್ಲವೂ ಬಂದು ಆ ಒಂದು ಕೈಯಲ್ಲಿ ಸೇರಿಕೊಂಡವು. ಸರಳು ಎಷ್ಟು ಹಗುರ ಎಂದು ಅವನಿಗೆ ಆಶ್ಚರ್ಯವಾಯಿತು. ಇಷ್ಟು ಸುಲಭವೇ ಇದು ಎಂದು ಹೆದರಿಕೆಯಾಯಿತು, ಬೆಳಗ್ಗೆಯಿಂದ ಪಟ್ಟ ಎಲ್ಲ ಹೆದರಿಕೆಗಿಂತ ದೊಡ್ಡ ಹೆದರಿಕೆ.

"ಕೇಳಿಸ್ತಾ? ಒಂದಡಿ ಮೇಲೆ." ಕೆಳಗಿನ ಬೆಳಕು ಅಲ್ಲಾಡುವುದು ನಿಂತಿತು. "ಯಾಕೋ ಸುಮ್ಮನಿದ್ದೀ? ಏನಾದ್ರೂ ಮಾತಾಡೋ ಪುಣ್ಯಾತ್ಮ. ಭಯ ಆಗ್ತಿದೆ ನನಗೆ."

ಅಳಿಯ ಸರಳಿನಿಂದ ಕೈ ತೆಗೆದ. ತೆಗೆದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ತೂತುಗಳ ಪಕ್ಕ ಮಂಡಿಯೂರಿದ.

"ಇಲ್ಲೇ ಇದ್ದೀನಿ" ಎಂದ. "ನನ್ನ ಕೈ ನಡುಗ್ತಿದೆ ಮಾವ. ಅದು ನಿಲ್ಲೋವರೆಗೂ ನಾನು ಬ್ರೇಕ್ ಮುಟ್ಟಲ್ಲ. ಸ್ವಲ್ಪ ತಡೀರಿ."

ಕೆಳಗೆ ಕತ್ತಲಲ್ಲಿ ಮಾವ ಲಿಫ್ಟಿನ ನೆತ್ತಿಯ ಮೇಲೆ ಕೂತದ್ದು ಕೇಳಿಸಿತು.

"ಆಯ್ತಪ್ಪ" ಎಂದ. "ಕಾಯ್ತೀನಿ."